ಒಂದು ಗುಳ್ಳೆಯೂ ಏಳದ ಲಾರಿ

ನನ್ನ ಹೆಸರು ಶ್ಯಾಮಸುಂದರ. ಈ ಹೆಸರಿನ ಮೊದಲರ್ಧ ಮಾತ್ರ ನನಗೆ ಹೊಂದುತ್ತದೆ ಎಂದು ನನ್ನ ಹೆಂಡತಿ ಸೀತಾ ಮದುವೆಯಾದ ಹೊಸದರಲ್ಲೇ ತೀರ್ಪು ಕೊಟ್ಟಿದ್ದಳು. ಆಕೆ ಪ್ರೈಮರಿ ಶಾಲೆಯ ಮೇಡಂ, ತೀರ್ಪು ಕೊಡುವುದು ಅವಳಿಗೆ ಅಭ್ಯಾಸ. ನಮ್ಮ ಮನೆ ಟಿ. ದಾಸರಹಳ್ಳಿಯಲ್ಲಿ, ತುಮಕೂರು ರಸ್ತೆಯ ಹಾರ್ನು ಅಡುಗೆಮನೆಯವರೆಗೂ ಕೇಳಿಸುವಷ್ಟು ಹತ್ತಿರ. ನನ್ನಂಥವನ ಜೀವನಚರಿತ್ರೆಯನ್ನು ಬೇರೆ ಯಾರೂ ಬರೆಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಾನೇ ಬರೆಯಲು ಕೂತಿದ್ದೇನೆ. ಬರೆಯುವಂಥದ್ದು ತುಂಬಾ ಏನಿಲ್ಲ. ಒಂದು ಲಾರಿ, ಒಂದು ಮಳೆ, ಒಂದು ಹಬ್ಬ, ಮತ್ತೆ ನನ್ನ ತಲೆ.

ನಾನು ಸರ್ಕಾರಿ ಗಡಿಯಾರ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಕೈಗಡಿಯಾರದೊಳಗೆ ನೀರು ಹೋಗುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಗಡಿಯಾರವನ್ನು ನೀರು ತುಂಬಿದ ಗಾಜಿನ ಜಾಡಿಗೆ ಇಳಿಸಿ, ಮೇಲಿನ ಗಾಳಿಯನ್ನು ಪಂಪಿನಿಂದ ಹೀರಬೇಕು. ಎಲ್ಲಾದರೂ ಸಂದಿದ್ದರೆ ಅಲ್ಲಿಂದ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದರೆ ರಿಜೆಕ್ಟ್, ಏಳದಿದ್ದರೆ ಪಾಸ್. ಇಡೀ ಯೌವನವನ್ನು ನಾನು ಗುಳ್ಳೆ ಏಳುತ್ತದೆಯೇ ಎಂದು ಕಾಯುತ್ತ ಕಳೆದೆ. ಹೀಗೆ ಕಾದವನಿಗೆ ಪ್ರಪಂಚದಲ್ಲಿ ಪಾಸ್ ಮತ್ತು ರಿಜೆಕ್ಟ್ ಬಿಟ್ಟು ಮೂರನೆಯ ದರ್ಜೆ ಕಾಣಿಸುವುದಿಲ್ಲ. ಮದುವೆ ಮನೆಯಲ್ಲಿ ಸಾರಿನ ಬಕೆಟ್ಟಿನ ತಳ ಮುಟ್ಟಿ ನೋಡುತ್ತಿದ್ದೆ. ಯಾರಾದರೂ ಹೊಸ ಟಿಫಿನ್ ಡಬ್ಬಿ ತೋರಿಸಿದರೆ ನೀರು ತುಂಬಿ ತಲೆಕೆಳಗೆ ಹಿಡಿಯುತ್ತಿದ್ದೆ. ನನ್ನನ್ನು ಮನೆಗೆ ಕರೆಯುವವರು ಬರಬರುತ್ತಾ ಕಡಿಮೆಯಾದದ್ದರಲ್ಲಿ ಆಶ್ಚರ್ಯವೇನಿಲ್ಲ.

ಆಮೇಲೆ ಪೇಟೆಯಲ್ಲಿ ಬ್ಯಾಟರಿ ಗಡಿಯಾರಗಳು ಬಂದವು. ಕೀಲಿ ಕೊಡುವ ಗಡಿಯಾರ ಕೇಳುವವರೇ ಇಲ್ಲವಾದರು. ಮನಸ್ಸಿದ್ದವರು ಮೊದಲೇ ನಿವೃತ್ತಿ ತೆಗೆದುಕೊಳ್ಳಬಹುದು ಎಂದು ಕಾರ್ಖಾನೆಯಲ್ಲಿ ಹೇಳಿದರು. ನನ್ನ ಜೊತೆಯವರು ಆ ಹಣದಲ್ಲಿ ಎಸ್‌ಟಿಡಿ ಬೂತ್ ಹಾಕಿದರು, ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟರು, ಬುದ್ಧಿವಂತರು ಬ್ಯಾಂಕಿನಲ್ಲಿಟ್ಟು ವಾಕಿಂಗ್ ಹೋದರು. ನಾನು ಲಾರಿ ಕೊಂಡೆ.

ಯಾಕೆ ಎಂದು ಸೀತಾ ಆಗಲೂ ಕೇಳಿದಳು, ಆಮೇಲೂ ಬಹಳ ಸಲ ಕೇಳಿದಳು. ಜನ್ಮವಿಡೀ ಒಂದೇ ಸ್ಟೂಲಿನ ಮೇಲೆ ಕೂತವನಿಗೆ ಓಡಾಡುವ ವಸ್ತುವೊಂದು ಬೇಕೆನಿಸಿತ್ತು, ಅಷ್ಟೇ. ಸ್ಟಿಯರಿಂಗ್ ಹಿಡಿದಾಗ ಯಾರ ತಪ್ಪನ್ನೂ ಹುಡುಕದೆ ಎದುರಿಗೆ ನೋಡುವ ಸುಖವನ್ನು ನಾನು ಮೊದಲ ಬಾರಿಗೆ ಕಂಡೆ. ಡ್ರೈವಿಂಗ್ ಸ್ಕೂಲಿನ ಹುಡುಗರ ಜೊತೆ ಸಾಲಿನಲ್ಲಿ ನಿಂತು ಹೆವಿ ಲೈಸೆನ್ಸ್ ಮಾಡಿಸಿದೆ. ಅವರೆಲ್ಲ ನನ್ನನ್ನು ಅಂಕಲ್ ಅನ್ನುತ್ತಿದ್ದರು. ಪರೀಕ್ಷೆಯ ದಿನ ರಿವರ್ಸ್ ತೆಗೆಯುವಾಗ ನಾನು ಕೆಡವಿದ್ದು ಒಂದೇ ಒಂದು ಕಂಬ.

ಲಾರಿ ಮಿಲಿಟರಿ ಹರಾಜಿನದು. ಮೂತಿ ಮುಂದಕ್ಕೆ ಚಾಚಿದ, ಎಪ್ಪತ್ತರ ದಶಕದ ಗಾಡಿ. ಮಾರಿದ ದಲ್ಲಾಳಿ, "ಅಸ್ಸಾಂನಲ್ಲಿ ಓಡಿರೋ ಗಾಡಿ ಸಾರ್, ಮಳೆ ಅಂದ್ರೆ ಇದಕ್ಕೆ ಲೆಕ್ಕಾನೇ ಇಲ್ಲ" ಎಂದ. ಅವನು ಸುಳ್ಳು ಹೇಳಿರಲಿಲ್ಲ. ಮಳೆ ಬಂದರೆ ಲಾರಿ ಏನೂ ಲೆಕ್ಕವಿಡದೆ ಒಳಗೆ ಬಿಟ್ಟುಕೊಳ್ಳುತ್ತಿತ್ತು.

ಪೀಣ್ಯದ ಫೌಂಡ್ರಿಗಳಿಂದ ಎರಕದ ಸಾಮಾನು ತುಂಬಿಕೊಂಡು ವೈಟ್‌ಫೀಲ್ಡ್ ಕಡೆಯ ಕಾರ್ಖಾನೆಗಳಿಗೆ ಮುಟ್ಟಿಸುವುದು ನನ್ನ ದಂಧೆ. ಹಿಂದಿನ ಸಾಮಾನಿಗೆ ಟಾರ್ಪಾಲು ಇತ್ತು, ಅದು ಬೆಚ್ಚಗೆ ಒಣಗಿ ಕೂತಿರುತ್ತಿತ್ತು. ಮುಂದೆ ಕ್ಯಾಬಿನ್ನಿನಲ್ಲಿ ಕೂತ ಮಾಲೀಕ ನಾನು ನೆನೆಯುತ್ತಿದ್ದೆ. ಒಂದು ಹನಿ ತಲೆಯ ನಡುಮಧ್ಯಕ್ಕೆ, ಒಂದು ಎಡತೊಡೆಯ ಮೇಲೆ, ಒಂದು ತಿರುವಿನಲ್ಲಿ ಮಾತ್ರ ಕಿವಿಯೊಳಗೆ. ಕ್ಯಾಬಿನ್ನಿನೊಳಗೇ ರೈನ್‌ಕೋಟು, ಅದರ ಮೇಲೆ ತಲೆಗೆ ಹಾಲಿನ ಕವರು. ಒಂದು ಸಲ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಪಕ್ಕದ ಸ್ಕೂಟರಿನವನು ನನ್ನ ಅವತಾರ ನೋಡಿ, ತಾನು ಹಾಕಿಕೊಂಡಿದ್ದ ಟೋಪಿಯನ್ನು ತೆಗೆದು ಕೊಡಲು ಬಂದ. ಗಡಿಯಾರದೊಳಗೆ ನೀರು ಬಿಡದ ಶ್ಯಾಮಸುಂದರನಿಗೆ ಬೀದಿಯಲ್ಲಿ ಹೋಗುವವರು ಟೋಪಿ ದಾನ ಮಾಡುವ ಕಾಲ ಬಂತು.

ಆ ಮಳೆಗಾಲವಿಡೀ ನನಗೆ ನೆಗಡಿ. ಸೀತಾ ಕಷಾಯ ಕಾಸಿ ಕಾಸಿ ಸೋತಳು. ಅದೇ ಹೊತ್ತಿಗೆ ಇರಣ್ಣ ಎಂಬವನು ನಮ್ಮ ಬೀದಿಗೆ ಬರತೊಡಗಿದ. ಪೀಣ್ಯದಲ್ಲಿ ಅವನದು ಗುಜರಿ ಅಂಗಡಿ, ಊರು ಗದಗದ ಕಡೆ. ತೆಂಗಿನಕಾಯಿ ಆರಿಸುವವರ ಹಾಗೆ ಲಾರಿಯ ಮೈಯನ್ನು ಬೆರಳಿನಿಂದ ತಟ್ಟಿ ನೋಡಿ, "ಯಾವಾಗ ಕೊಡ್ತೀರ್ರಿ ಸರ?" ಎಂದು ಕೇಳುವನು. ನಾನು ಬೆನ್ನು ತಿರುಗಿಸಿ ಒಳಗೆ ಹೋಗುತ್ತಿದ್ದೆ. ಅವನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಕಾಯಿ ಬಲಿಯುವವರೆಗೆ ಕಾಯುವ ತಾಳ್ಮೆ ಅವನಲ್ಲಿತ್ತು.

ಒಂದು ಭಾನುವಾರ ಊಟಕ್ಕೆ ಕೂತಾಗ ಸೀತಾ ಮಾತು ತೆಗೆದಳು. ಹೆಬ್ಬಗೋಡಿಯಲ್ಲಿ ಅವಳ ದೊಡ್ಡಪ್ಪನ ಮಗನ ಗಾರ್ಮೆಂಟ್ಸ್ ಇತ್ತು. ಅಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಬೇಕಂತೆ. ಅಂಗಿಯ ಗುಂಡಿಗಳನ್ನು ಎಳೆದು ನೋಡುವುದು ಕೆಲಸ.

"ಗುಂಡಿ ಕಿತ್ತು ಬಂದ್ರೆ?" ಎಂದೆ.

"ರಿಜೆಕ್ಟ್" ಎಂದಳು.

ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳಿದೆ. ಮತ್ತೆ ಸ್ಟೂಲು, ಮತ್ತೆ ಪಾಸು, ಮತ್ತೆ ರಿಜೆಕ್ಟು. ಲಾರಿಯ ಸೋರಿಕೆ ನಿಲ್ಲಿಸುತ್ತೇನೆ, ಸ್ವಲ್ಪ ಕಾಲ ಕೊಡು ಎಂದು ಕೇಳಿಕೊಂಡೆ. ಸೀತಾ ತಟ್ಟೆಗೆ ಮಜ್ಜಿಗೆ ಹಾಕುತ್ತಾ ಯೋಚಿಸಿದಳು.

"ಸರಿ. ಗೌರಿ ಹಬ್ಬಕ್ಕೆ ಅಂಬುಜಂಗೆ ಬಾಗಿನ ಕೊಡೋಕೆ ವರ್ತೂರಿಗೆ ಹೋಗ್ಬೇಕಲ್ಲ? ಈ ಸಲ ಬಸ್ಸು ಬೇಡ, ನಿಮ್ಮ ಲಾರೀಲೇ ಬರ್ತೀನಿ. ಮಳೆ ಬಂದೇ ಬರುತ್ತೆ. ನಾನು ಒಣಗಿರೋ ಸೀರೇಲಿ ವರ್ತೂರಲ್ಲಿ ಇಳಿದ್ರೆ ಲಾರಿ ಮಾತು ಇನ್ನು ಎತ್ತಲ್ಲ. ಇಲ್ಲಾಂದ್ರೆ ಮಾರನೇ ದಿನ ಇರಣ್ಣ ಬರ್ತಾನೆ, ನೀವು ಹೆಬ್ಬಗೋಡಿ ಬಸ್ ಹತ್ತೀರಿ. ಒಪ್ಪಿಗೇನಾ?"

ಅಂಬುಜಾಕ್ಷಿ ನನ್ನ ತಂಗಿ. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರು ಎಂದರೆ ನಮ್ಮ ಮನೆಯೇ. ಮೊರದ ಬಾಗಿನ ವರ್ಷಕ್ಕೊಮ್ಮೆ ನಾವೇ ತಲುಪಿಸಬೇಕು. ಅದುವರೆಗೂ ಸೀತಾ ನನ್ನ ಲಾರಿಯನ್ನು ಒಮ್ಮೆಯೂ ಹತ್ತಿರಲಿಲ್ಲ. ನಾನು ಒಪ್ಪಿದೆ. ಒಪ್ಪದೆ ಇನ್ನೇನು ಮಾಡಲಿ, ಮನೆಯಲ್ಲಿ ಸಂಬಳ ತರುವವಳು ಅವಳು.

ಸೋರಿಕೆ ಹುಡುಕುವುದು ಸುಲಭವಲ್ಲ. ಹನಿ ಬೀಳುವ ಜಾಗ ಒಂದು, ನೀರು ನುಗ್ಗುವ ಜಾಗ ಇನ್ನೊಂದು. ಕಳ್ಳ ಹಿತ್ತಲಲ್ಲಿ ಹಾರಿ ಹಜಾರದಲ್ಲಿ ಸಿಕ್ಕಿಬೀಳುವ ಹಾಗೆ. ಮೊದಲು ನಾನು ತಲೆಯ ಮೇಲೆ ಹನಿ ಬೀಳುವ ಜಾಗಕ್ಕೇ ಅಂಟು ಬಳಿದೆ. ಹನಿ ಅಲ್ಲಿಂದ ಸರಿದು ಮೂಗಿನ ಮೇಲೆ ಬಿತ್ತು. ಅಲ್ಲಿಗೂ ಬಳಿದೆ. ಮತ್ತೆ ತಲೆಗೆ ಬಂತು. ಆಮೇಲೆ ಸೀತಾಳ ಶಾಲೆಯ ಸೀಮೆಸುಣ್ಣ ತಂದು ಪುಡಿಮಾಡಿ ಒಳಗಿನ ತಗಡಿಗೆಲ್ಲ ಬಳಿದು, ಮೇಲಿನಿಂದ ಬಿಂದಿಗೆಯಲ್ಲಿ ನೀರು ಸುರಿದೆ. ಸುಣ್ಣದ ಮೇಲೆ ನೀರು ಹರಿದ ಗೆರೆ ಚೆನ್ನಾಗಿ ಮೂಡಿತು. ಒಂದು ಗೆರೆ ಚಾವಣಿಯ ಅಂಚಿನ ಬೆಸುಗೆಯಿಂದ ಹೊರಟು, ಸೂರಿನ ಕೆಳಗೇ ತೆವಳಿ, ಕನ್ನಡಿಯ ಬೋಲ್ಟಿನವರೆಗೆ ಬಂದು, ಅಲ್ಲಿಂದ ನನ್ನ ತೊಡೆಗೆ ನೆಗೆಯುತ್ತಿತ್ತು. ಮುಂದಿನ ಗಾಜಿನ ರಬ್ಬರು ಹಳೇ ಹುಣಿಸೆಹಣ್ಣಿನಂತೆ ಒಣಗಿತ್ತು. ವೈಪರಿನ ಕಡ್ಡಿ ಹಾದುಬರುವ ತೂತು ಸವೆದು ಅಗಲವಾಗಿತ್ತು.

ಎಲ್ಲವನ್ನೂ ಮಾಡಿದೆ. ಬೆಸುಗೆ ಉಜ್ಜಿ, ತುಕ್ಕು ಕೆರೆದು, ಕಪ್ಪು ಅಂಟು ತುಂಬಿದೆ. ಗಾಜಿಗೆ ಹೊಸ ರಬ್ಬರು ಹಾಕಿಸಿದೆ. ವೈಪರಿಗೆ ಸೈಕಲ್ ಟ್ಯೂಬು ಕತ್ತರಿಸಿ ವಾಷರು ಕೂರಿಸಿದೆ. ಬಾಗಿಲ ಸುತ್ತ ಬೀಡಿಂಗ್ ಎನ್ನುವ ಹೊಸ ರಬ್ಬರ್ ಪಟ್ಟಿ ಅಂಟಿಸಿದೆ. ಬಿಂದಿಗೆ ನೀರು ಸುರಿದರೆ ಒಳಗೆ ಒಂದು ಹನಿಯಿಲ್ಲ. ಯಾವ ಸಾಮಾನ್ಯ ಮನುಷ್ಯನಾದರೂ ಇಲ್ಲಿಗೆ ಕೈ ತೊಳೆದುಕೊಂಡು ಮನೆಗೆ ಹೋಗಿ ಮಲಗುತ್ತಿದ್ದ. ನಾನೂ ಹೋಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು.

ಆದರೆ ನಾನು ಇನ್‌ಸ್ಪೆಕ್ಟರ್. ಬಿಂದಿಗೆ ನೀರು ಹೆಂಗಸರ ಪರೀಕ್ಷೆ, ನಮ್ಮದು ಗುಳ್ಳೆ ಪರೀಕ್ಷೆ. ಲಾರಿಯನ್ನು ಮುಳುಗಿಸುವಷ್ಟು ದೊಡ್ಡ ಜಾಡಿ ಪೀಣ್ಯದಲ್ಲೂ ಸಿಗುವುದಿಲ್ಲವಾದ್ದರಿಂದ ಉಲ್ಟಾ ಮಾಡಿದೆ. ಲಾರಿಯನ್ನು ಪಂಕ್ಚರ್ ಅಂಗಡಿಯ ಪಕ್ಕ ನಿಲ್ಲಿಸಿ, ಗಾಳಿ ಪಂಪಿನ ಪೈಪನ್ನು ಕ್ಯಾಬಿನ್ನಿನೊಳಗೆ ಬಿಟ್ಟು, ಬಾಗಿಲು ಮುಚ್ಚಿ ಗಾಳಿ ತುಂಬಿದೆ. ಹೊರಗಿನಿಂದ ಬಟ್ಟೆ ಸೋಪಿನ ನೊರೆಯನ್ನು ಲಾರಿಯ ಮೈಗೆಲ್ಲ ಬಳಿದೆ. ಒಳಗಿನ ಗಾಳಿ ಎಲ್ಲಿ ಹೊರಬರುತ್ತದೋ ಅಲ್ಲಿ ನೊರೆ ಉಬ್ಬಿ ಗುಳ್ಳೆ ಏಳಬೇಕು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನು ಲಾರಿಯನ್ನೇ ಒಗೆಯುತ್ತಿದ್ದೆ. ನೋಡಲು ಜನ ಸೇರಿದರು. ಇರಣ್ಣನೂ ಬಂದ.

"ಏನ್ರೀ ಸರ, ಮಾರೋಕ ಮುಂಚೆ ಜಳಕಾ ಮಾಡಸಾಕತ್ತೀರೇನ್ರಿ?"

"ನೋಡ್ತಾ ಇರು" ಎಂದೆ.

ಚಾವಣಿಯಲ್ಲಿ ಗುಳ್ಳೆಯಿಲ್ಲ. ಗಾಜಿನ ಸುತ್ತ ಗುಳ್ಳೆಯಿಲ್ಲ. ನನ್ನ ಎದೆ ಉಬ್ಬಿತು. ಕೊನೆಗೆ ಬಗ್ಗಿ ಬಾಗಿಲಿನ ಕೆಳ ಅಂಚಿಗೆ ನೊರೆ ಬಳಿದಾಗ ಏನು ನೋಡುತ್ತೇನೆ! ನಿಂಬೆಹಣ್ಣಿನ ಗಾತ್ರದ ಗುಳ್ಳೆಗಳು ಸಾಲಾಗಿ ಎದ್ದು ಬರುತ್ತಿವೆ. ಎರಡೂ ಬಾಗಿಲುಗಳ ತಳದಲ್ಲಿ ಬೆರಳು ತೂರುವಂಥ ತೂತುಗಳು! ಕೆಳಗೆ ಮಲಗಿ ನೋಡಿದರೆ ಕ್ಯಾಬಿನ್ನಿನ ನೆಲದಲ್ಲೂ ತೂತುಗಳು! ಮಿಲಿಟರಿಯವರು ಇಷ್ಟು ನಿಷ್ಕಾಳಜಿಯಿಂದ ದೇಶ ಕಾಯುತ್ತಿದ್ದಾರಲ್ಲ ಎಂದು ಬೇಜಾರಾಯಿತು. ಆ ತೂತುಗಳು ಗುಂಡಗೆ, ಅಚ್ಚುಕಟ್ಟಾಗಿ, ಒಂದೇ ಅಳತೆಯಲ್ಲಿದ್ದವು. ತುಕ್ಕು ತಿಂದು ಆದ ತೂತು ಹಾಗಿರುವುದಿಲ್ಲ, ಬೇಕೆಂದೇ ಯಾರೋ ಕೊರೆದಿದ್ದಾರೆ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಗಡಿಯಾರದಲ್ಲಿ ಒಳ್ಳೆಯ ತೂತು ಎಂಬುದಿಲ್ಲ. ಗುಳ್ಳೆ ಎದ್ದಿದೆ, ರಿಜೆಕ್ಟ್. ಪ್ರತಿಯೊಂದಕ್ಕೂ ರಬ್ಬರಿನ ಬೆಣೆ ಹೊಡೆದು ಮೇಲೆ ಅಂಟು ಮೆತ್ತಿದೆ.

ಪಕ್ಕದ ಕಿಟಕಿಗಳ ಗಾಜು ಇಳಿಯುವ ಸಂದಿಯಲ್ಲೂ ಗುಳ್ಳೆ ಎದ್ದಿತು. ಅದು ಗಾಜು ಏರಿಳಿಯುವ ದಾರಿ, ಅಂಟು ಹಾಕಿದರೆ ಕಿಟಕಿ ತೆಗೆಯಲಾಗದು. ಹಾಗಾಗಿ ಪರೀಕ್ಷೆ ಮುಗಿಯುವವರೆಗೆ ಅಲ್ಲಿ ಟೇಪು ಅಂಟಿಸಿ, ಆಮೇಲೆ ಕಿತ್ತೆ. ಈಗ ಒಂದು ಗುಳ್ಳೆಯೂ ಇಲ್ಲ. ನನ್ನ ಜನ್ಮದಲ್ಲಿ ನಾನು ಪಾಸ್ ಮಾಡಿದ ಅತಿ ದೊಡ್ಡ ಗಡಿಯಾರವನ್ನು ಕಣ್ತುಂಬ ನೋಡಿದೆ. ಇರಣ್ಣ ಮುಖ ಸಪ್ಪಗೆ ಮಾಡಿಕೊಂಡು ಹೋದ.

ಗೌರಿ ಹಬ್ಬದ ದಿನ ಬೆಳಿಗ್ಗೆ ಪೂಜೆ ಮುಗಿಸಿ ಹೊರಟೆವು. ಸೀತಾ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ತೊಡೆಯ ಮೇಲೆ ಬಾಗಿನ. ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ ಇಟ್ಟು, ಒಂದು ಮೊರದ ಮೇಲೆ ಇನ್ನೊಂದು ಮೊರ ಕವುಚಿ ಕಟ್ಟಿದ್ದು. ಜೊತೆಗೆ ಅಂಬುಜಾಳ ಮನೆಗೆಂದು ಒಂದು ದೊಡ್ಡ ಪೊಟ್ಟಣ ಕುಂಕುಮ. ಲಾರಿ ಹತ್ತುವ ಮೊದಲು ಅವಳು ಸೀಟನ್ನು ಅಂಗೈಯಿಂದ ಒತ್ತಿ ನೋಡಿದಳು. ಇಷ್ಟು ವರ್ಷ ನನ್ನ ಜೊತೆ ಬಾಳಿ ಅವಳೂ ಇನ್‌ಸ್ಪೆಕ್ಟರ್ ಆಗಿದ್ದಳು.

ಗೊರಗುಂಟೆಪಾಳ್ಯ ದಾಟುವಾಗಲೇ ಮಳೆ ಹಿಡಿಯಿತು. ಸಾಮಾನ್ಯ ಮಳೆಯಲ್ಲ, ವೈಪರು ಒರೆಸಿದ್ದು ಗೊತ್ತೇ ಆಗದಂಥ ಮಳೆ. ಚಾವಣಿಯ ಮೇಲೆ ಡಬಡಬ ಸದ್ದು. ಒಳಗೆ ಹನಿಯಿಲ್ಲ. ತಲೆಯ ಮೇಲಿಲ್ಲ, ತೊಡೆಯ ಮೇಲಿಲ್ಲ, ಕಿವಿಯೊಳಗಿಲ್ಲ. ನಾನು ಓರೆಗಣ್ಣಿನಿಂದ ಸೀತಾಳನ್ನು ನೋಡಿದೆ. ಅವಳು ಸೂರು ನೋಡುತ್ತಿದ್ದಳು.

"ಹೇಗೆ?" ಎಂದೆ.

"ರಸ್ತೆ ನೋಡಿ" ಎಂದಳು. ಆದರೆ ಅವಳ ಮುಖ ಸಡಿಲವಾಗಿತ್ತು.

ಸ್ವಲ್ಪ ಹೊತ್ತಿಗೆ ಹೊಸ ತೊಂದರೆ ಶುರುವಾಯಿತು. ಗಾಳಿಯೂ ತೂರದ ಹಾಗೆ ಮುಚ್ಚಿದ್ದೆನಲ್ಲ, ನಮ್ಮಿಬ್ಬರ ಉಸಿರು ಹೊರಹೋಗಲು ದಾರಿಯಿಲ್ಲದೆ ಮುಂದಿನ ಗಾಜಿನ ಮೇಲೆ ಮಂಜಾಗಿ ಕೂತಿತು. ಎದುರಿಗೆ ಬರುವುದು ಬಸ್ಸೋ ಎಮ್ಮೆಯೋ ತಿಳಿಯದು. ಒರೆಸಿದರೆ ಮತ್ತೆ ಕೂರುವುದು. ಕೊನೆಗೆ ಎರಡೂ ಕಡೆಯ ಕಿಟಕಿ ಗಾಜನ್ನು ಒಂದಿಷ್ಟು ಇಳಿಸಿದೆವು. ಮಂಜು ಹೋಯಿತು. ಮಳೆ ನೀರು ಗಾಜಿನ ಮೇಲೆ ಹರಿದು, ಗಾಜು ಇಳಿಯುವ ಸಂದಿಯೊಳಗೆ ಧಾರೆಯಾಗಿ ಹೋಗುತ್ತಿದ್ದದ್ದನ್ನು ನೋಡಿದೆ. ಹೋಗಲಿ, ಬಾಗಿಲ ಹೊಟ್ಟೆಯೊಳಗೆ ತಾನೇ ಹೋಗುತ್ತಿದೆ, ಮೈಮೇಲೆ ಬರುತ್ತಿಲ್ಲವಲ್ಲ ಎಂದುಕೊಂಡೆ. ಒಳಗೆ ಹೋದದ್ದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ, ಗಡಿಯಾರ ಕಾರ್ಖಾನೆಯಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ.

ಹೆಬ್ಬಾಳ ದಾಟಿ, ಅರ್ಧಂಬರ್ಧ ಮುಗಿದಿದ್ದ ರಿಂಗ್ ರೋಡಿನ ಗುಂಡಿಗಳಲ್ಲಿ ಎದ್ದು ಬಿದ್ದು, ಟಿನ್ ಫ್ಯಾಕ್ಟರಿ, ಮಾರತಹಳ್ಳಿ ಹಾದು ಹೋದೆವು. ನಾನು ಬಹಳ ನಿಧಾನ ಓಡಿಸುವವನು. ಅವತ್ತು ಮಳೆಗೆ ಇನ್ನೂ ನಿಧಾನ. ವರ್ತೂರು ಕೋಡಿಯ ಹತ್ತಿರ ಎಮ್ಮೆಯೊಂದು ಅಡ್ಡ ಬಂದು ಗಟ್ಟಿಯಾಗಿ ಬ್ರೇಕ್ ಹಾಕಿದೆ. ಪಕ್ಕದಲ್ಲಿ ಏನೋ ಬಿದ್ದ ಸದ್ದಾಯಿತು. "ಏನು?" ಎಂದೆ. "ಏನಿಲ್ಲ, ನಡೀರಿ" ಎಂದಳು ಸೀತಾ. ಬಾಗಿನವನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡಿದ್ದಳು. ಅದು ಒಣಗಿತ್ತು. ನಾನು ಗೆದ್ದೆ ಎಂದುಕೊಂಡೆ.

ಅಂಬುಜಾಳ ಮನೆಯ ಗಲ್ಲಿಯೊಳಗೆ ಲಾರಿ ಹೋಗುವುದಿಲ್ಲ. ವರ್ತೂರಿನ ದೊಡ್ಡ ರಸ್ತೆಯಲ್ಲೇ, ಚಹಾ ಅಂಗಡಿಯ ಎದುರು ನಿಲ್ಲಿಸಿದೆ. ಮಳೆ ಸಣ್ಣಗಾಗಿತ್ತು. ಅಂಗಡಿಯ ಸೂರಿನ ಕೆಳಗೆ ಹತ್ತಾರು ಜನ ನಿಂತಿದ್ದರು. ಗೆದ್ದವನ ಗತ್ತಿನಲ್ಲಿ ಇಳಿದು, ಸುತ್ತಿ ಬಂದು, ಹೆಂಡತಿಗೆ ಬಾಗಿಲು ತೆರೆಯಹೋದೆ. ಹೊಸ ಬೀಡಿಂಗ್ ಹಿಡಿದುಕೊಂಡು ಬಾಗಿಲು ಬರಲಿಲ್ಲ. ಕಾಲನ್ನು ಮೆಟ್ಟಿಲಿಗೆ ಕೊಟ್ಟು ಎಳೆದೆ.

ಬಾಗಿಲು ಬಂತು. ಅದರ ಹಿಂದೆ ನೀರು ಬಂತು. ಕೊಡಗಟ್ಟಲೆ ನೀರು ದಬದಬನೆ ನನ್ನ ಎದೆಯ ಮೇಲೆ ಸುರಿದು ರಸ್ತೆಗೆ ಹರಿಯಿತು. ಆ ನೀರು ಕೆಂಪಗಿತ್ತು.

ಸೂರಿನ ಕೆಳಗಿದ್ದವರೆಲ್ಲ ಮುಂದಕ್ಕೆ ಬಗ್ಗಿ ನೋಡಿದರು. ಆಮೇಲೆ ಚಹಾ ಅಂಗಡಿಯಿಂದ ಒಬ್ಬ ಕಿರುಚಿದ.

"ರಕ್ತ ಕಣ್ರಲೋ! ಲಾರಿಯೋನು ಯಾರ್ನೋ ಕೊಂದವ್ನೆ!"

"ಇಡ್ಕೊಳ್ಳಿ, ಓಡೋಯ್ತಾನೆ!"

ನಾನು ಓಡುವ ಸ್ಥಿತಿಯಲ್ಲಿರಲಿಲ್ಲ, ನಿಲ್ಲುವ ಸ್ಥಿತಿಯಲ್ಲೂ ಇರಲಿಲ್ಲ. ಅಂಗಡಿಯ ಯಜಮಾನ ವೆಂಕಟರಮಣಪ್ಪ, ಆಳೆತ್ತರದ ಮನುಷ್ಯ, ಬಂದು ನನ್ನ ಕೊರಳಪಟ್ಟಿ ಹಿಡಿದ. "ಯಾರ್ ಮ್ಯಾಲೆ ಅತ್ತಿಸ್ಬುಟ್ಟು ಬಂದ್ಯೋ, ಬೊಗಳು!"

"ಇಲ್ಲ ಸಾರ್, ಅದು... ಅದು ಕುಂಕುಮ" ಎಂದೆ. ಅಷ್ಟು ಹೊತ್ತಿಗೆ ನನಗೂ ಸಂಗತಿ ಅರ್ಥವಾಗಿತ್ತು. ಬ್ರೇಕ್ ಹಾಕಿದಾಗ ಬಿದ್ದದ್ದು ಆ ಪೊಟ್ಟಣ. ಆದರೆ ಬಿದ್ದದ್ದು ನೆಲಕ್ಕಲ್ಲ, ಕೆರೆಗೆ. ಬಾಗಿಲ ಹೊಟ್ಟೆ ತುಂಬಿ ಉಕ್ಕಿ, ಹೊರಹೋಗುವ ಒಂದೇ ಒಂದು ದಾರಿಯನ್ನೂ ಬಿಡದೆ ನಾನು ಬೆಣೆ ಹೊಡೆದಿದ್ದ ನೆಲದ ಮೇಲೆ ನೀರು ನಿಂತಿತ್ತು. ಲಾರಿ ಎಡಕ್ಕೆ ವಾಲುವ ಗಾಡಿಯಾದ್ದರಿಂದ ನೀರೆಲ್ಲ ಸೀತಾಳ ಕಡೆಗೇ ಸೇರಿತ್ತು, ನನ್ನ ಕಾಲಿಗೆ ತಿಳಿದಿರಲೇ ಇಲ್ಲ.

"ಕುಂಕುಮವಾ? ಯಾವ ಎಣ್ಮಗಳ ಕುಂಕುಮ ಅಳಿಸಿ ಬಂದೆ ಅಂತ್ಲೇ ಕಣೋ ನಾನ್ ಕೇಳ್ತಿರೋದು!" ಎಂದು ವೆಂಕಟರಮಣಪ್ಪ ಕೈ ಎತ್ತಿದ.

"ಬಿಡ್ರೀ ಅವರನ್ನ!"

ಶಾಲೆಯಲ್ಲಿ ಒಂದನೇ ತರಗತಿಯ ಗಲಾಟೆಯನ್ನು ಅಡಗಿಸುವ ದನಿ ಅದು. ಎತ್ತಿದ ಕೈ ಅಲ್ಲೇ ನಿಂತಿತು. ಸೀತಾ ಬಾಗಿನ ಹಿಡಿದು ಲಾರಿಯ ಬಾಗಿಲಲ್ಲಿ ನಿಂತಿದ್ದಳು.

"ರಕ್ತ ಅಲ್ಲ, ಗೌರಿ ಹಬ್ಬದ ಕುಂಕುಮ. ನಾದಿನಿಗೆ ಬಾಗಿನ ತಂದಿದೀವಿ. ಇವರ ಕೈಲಿ ಒಂದು ಇರುವೇನೂ ಸಾಯಲ್ಲ ಕಣ್ರೀ. ದಾಸರಹಳ್ಳಿಯಿಂದ ಇಲ್ಲಿವರೆಗೂ ಸೈಕಲ್‌ನೋರೆಲ್ಲ ನಮ್ಮನ್ನ ಹಿಂದೆ ಹಾಕ್ಕೊಂಡು ಹೋಗಿದಾರೆ. ಬೇಕಾದ್ರೆ ಅವರನ್ನೇ ಕೇಳಿ."

ನನ್ನ ಪರವಾಗಿ ಯಾರಾದರೂ ಸಾಕ್ಷಿ ಹೇಳಿದ್ದು ಅದೇ ಮೊದಲು. ಇನ್ನೂ ಸ್ವಲ್ಪ ಮರ್ಯಾದೆಯ ಸಾಕ್ಷಿ ಸಿಕ್ಕಿದ್ದರೆ ಚೆನ್ನಾಗಿತ್ತು, ಆದರೆ ಕೆಲಸವಂತೂ ಆಯಿತು. ಸೀತಾ ಇಳಿದು ಚಹಾ ಅಂಗಡಿಯ ಕಲ್ಲುಮೆಟ್ಟಿಲು ಹತ್ತಿದಳು. ಅವಳ ಪಾದಗಳು ಕಣಕಾಲಿನವರೆಗೆ ಕೆಂಪಾಗಿದ್ದವು. ಹಸಿರು ಸೀರೆಯ ಅಂಚು ಕಪ್ಪಗಾಗಿ ಕಾಲಿಗೆ ಅಂಟಿತ್ತು. ಮೆಟ್ಟಿಲಿನ ಮೇಲೆ ಒಂದೊಂದೇ ಕೆಂಪು ಹೆಜ್ಜೆ ಮೂಡಿತು. ಮೂಲೆಯಲ್ಲಿ ಸೇವಂತಿಗೆ ಕಟ್ಟುತ್ತ ಕೂತಿದ್ದ ಚನ್ನಕ್ಕ ಎಂಬ ಮುದುಕಿ ಅದನ್ನು ನೋಡಿ ಕೈ ಮುಗಿದಳು.

"ಬುಡಣ್ಣ ಆ ಮನ್ಸನ್ನ. ಅಬ್ಬದ ದಿನ ಗೌರಮ್ಮನೇ ಬಂದಂಗೈತೆ, ನೀನು ಜಗಳಕ್ಕೆ ನಿಂತಿದೀಯ" ಎಂದು ಒಂದು ಮೊಳ ಹೂವನ್ನು ಸೀತಾಳ ಕೈಗಿಟ್ಟಳು.

ವೆಂಕಟರಮಣಪ್ಪ ನನ್ನ ಕೊರಳಪಟ್ಟಿ ಬಿಟ್ಟು, ಮುದುರಿದ್ದನ್ನು ತಾನೇ ತಟ್ಟಿ ಸರಿಮಾಡಿದ. ಲಾರಿಯಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿ, "ಅಲ್ಲ ಸಾಮಿ, ದಾಸರಹಳ್ಳಿಯಿಂದ ಯಾಕೆ ನೀರು ಒತ್ಕಂಡು ಬಂದ್ರಿ? ನಮ್ಮೂರಲ್ಲಿ ಇಷ್ಟು ದೊಡ್ಡ ಕೆರೆ ಐತಲ್ಲ" ಎಂದ. ಜನ ನಕ್ಕು ಚದುರಿದರು. ನನಗೆ ಒಂದು ಚಹಾ ಕೊಟ್ಟ, ಕಾಸು ತೆಗೆದುಕೊಳ್ಳಲಿಲ್ಲ.

ಲೋಟವನ್ನು ಹಾಗೆಯೇ ಬೆಂಚಿನ ಮೇಲಿಟ್ಟೆ. ಸೀತಾ ಲಾರಿಯ ಪಕ್ಕ ಬಂದು ಸೆರಗಿನಿಂದ ಬಾಗಿನದ ಅಂಚು ಒರೆಸುತ್ತಿದ್ದಳು. ನಾನು ಅವಳ ಹತ್ತಿರ ಹೋಗಿ ನಿಂತೆ. ಮೇಲಿಂದ ಒಂದು ಹನಿಯೂ ಬಿದ್ದಿಲ್ಲ ಎಂದು ವಾದ ಮಾಡಬಹುದಿತ್ತು. ಆ ಸೀರೆಯ ಅಂಚು ನೋಡಿದ ಮೇಲೆ ಆ ವಾದವನ್ನು ನಾನೇ ರಿಜೆಕ್ಟ್ ಮಾಡಿದೆ. ಎಲ್ಲ ಮುಗಿಯಿತು ಅನ್ನಿಸಿತು. ಹೆಬ್ಬಗೋಡಿಯ ಸ್ಟೂಲು ಕಣ್ಣಮುಂದೆ ಬಂತು.

"ಸೋತೆ ಸೀತಾ. ನಾಳೆ ಇರಣ್ಣನಿಗೆ ಬರೋಕೆ ಹೇಳು" ಎಂದೆ.

ಅವಳು ತಲೆ ಎತ್ತಲಿಲ್ಲ.

"ಹೆಬ್ಬಾಳ ದಾಟೋ ಹೊತ್ತಿಗೇ ನನ್ನ ಕಾಲು ನೆನೆದಿತ್ತು" ಎಂದಳು.

"ಹೆಬ್ಬಾಳದಲ್ಲಾ? ಮತ್ತೆ ಇಲ್ಲಿವರೆಗೂ ಯಾಕೆ ಹೇಳ್ಲಿಲ್ಲ?"

"ನೀವು ಸಿಳ್ಳೆ ಹಾಕ್ತಿದ್ರಿ."

"ನಾನಾ?"

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಹೂಂ. ಯಾವ್ದೋ ಹಳೇ ಹಾಡು, ತಾಳ ತಪ್ಪಿ. ಮದುವೆ ಆದಾಗಿಂದ ನಿಮ್ಮ ಬಾಯಲ್ಲಿ ಸಿಳ್ಳೆ ಕೇಳಿದ್ದು ಇವತ್ತೇ. ನಾನು ನೀರು ಅಂದ್ರೆ ನಿಲ್ಲಿಸ್ಬಿಡ್ತೀರಿ ಅಂತ ಆ ಬ್ರೇಕ್ ಹಾಕೋವರೆಗೂ ಕಾಲು ಎತ್ಕೊಂಡೇ ಕೂತಿದ್ದೆ." ಬಾಗಿನವನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ಹೆಬ್ಬಗೋಡಿಗೆ ಬೇರೆ ಯಾರಾದ್ರೂ ಹೋಗ್ಲಿ. ಮೊದ್ಲು ಆ ಮುಚ್ಚಿರೋ ತೂತೆಲ್ಲ ಬಿಚ್ಚಿ. ವಾಪಸ್ ಹೋಗೋವಾಗ್ಲೂ ಮಳೆ ಬರುತ್ತೆ."

ಟೂಲ್ ಬಾಕ್ಸಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಕೆಸರಿನಲ್ಲಿ ಮಲಗಿ ಲಾರಿಯ ಕೆಳಗೆ ತೆವಳಿದೆ. ಮೊದಲ ಬೆಣೆ ಕಿತ್ತ ಕೂಡಲೇ ಉಳಿದ ನೀರು ಮುಖದ ಮೇಲೆ ಸುರಿಯಿತು. ಒಂದಾದ ಮೇಲೊಂದು ಕಿತ್ತೆ. ಬಾಗಿಲಿನವೂ ಆದವು. ಅಲ್ಲಿಂದ ನೋಡಿದರೆ ಸೀತಾಳ ಕೆಂಪು ಪಾದಗಳು ಮಾತ್ರ ಕಾಣುತ್ತಿದ್ದವು. ನನಗೆ ತಡೆಯಲಾರದಷ್ಟು ಅಳು ಬಂತು. ಲಾರಿಯ ಕೆಳಗೆ ಮಲಗಿ ಅಳುವ ಗಂಡಸನ್ನು ವರ್ತೂರಿನವರು ಇನ್ನೊಮ್ಮೆ ನೋಡುವುದು ಬೇಡವೆಂದು ಸದ್ದು ಮಾಡಲಿಲ್ಲ.

"ಆಯ್ತಾ?" ಎಂದು ಮೇಲಿನಿಂದ ಕೇಳಿದಳು.

"ಇರು, ಇನ್ನೂ ಒಂದು ತೂತಿದೆ" ಎಂದೆ.

ತೂತೆಲ್ಲ ಬಿಚ್ಚಿ ಆಗಿತ್ತು.